ಕಣ್ಣು ಹುಡುಕುವ ಕ್ಯಾಮೆರಾ

ಹುಬ್ಬಳ್ಳಿ
8 ಜನವರಿ 2024

ಶಿವರುದ್ರಣ್ಣನವರಿಗೆ,

ಮಲ್ಲಿಕಾರ್ಜುನನ ನಮಸ್ಕಾರ. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ವಾಟ್ಸಾಪ್ ಮಾಡಿದರೆ ಅದು ಶಿವರಂಜನಿಯ ಕೈಯಲ್ಲಿರುತ್ತದೆ. ಅಪ್ಪನಿಗೆ ಬಂದಿದ್ದನ್ನು ಮಗಳು ಓದಿ, ಅವಳೇ ಉತ್ತರ ಕೊಟ್ಟು, ಅವಳೇ ಒಂದು ನಗುವ ಬೊಂಬೆ ಹಾಕಿ ಕಳಿಸುತ್ತಾಳೆ. ಹಾಗಾಗಿ ಕಾಗದ. ಪೆನ್ನು ಹಿಡಿದು ಹತ್ತು ವರ್ಷವಾಯಿತು, ಅಕ್ಷರ ಕೋಳಿ ಕೆದಕಿದಂತಿದ್ದರೆ ಬೈಯಬೇಡಿ.

ಕಂಪನಿ ನನಗೆ ಈ ಸಲ ಬಹುಮಾನ ಕೊಟ್ಟಿತು. ಬೇರೆ ಕಂಪನಿಯ ಕ್ಯಾಮೆರಾ ಹಿಡಿದವರನ್ನು ನಮ್ಮ ವೆರಾನ್ ಕಡೆಗೆ ಅತಿ ಹೆಚ್ಚು ಕರೆತಂದವನು ನಾನಂತೆ. ವೇದಿಕೆಯ ಮೇಲೆ ಸರ್ಟಿಫಿಕೇಟ್ ಹಿಡಿದು ನಿಂತ ಪಟವನ್ನು ಚಿಕ್ಕ ಮೆಮೊರಿ ಕಾರ್ಡಿನಲ್ಲಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಯಳಂದೂರಿಗೆ ಹೋದಾಗ ಅವ್ವನ ಕೈಗೆ ಕೊಟ್ಟುಬಿಡಿ. ಮಗ ಊರೂರು ಅಲೆದು ಏನು ಮಾಡುತ್ತಾನೆ ಎಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ. ಪಟ ನೋಡಿದರೆ ತಿಳಿದೀತು.

ಇನ್ನು ನನ್ನ ಕಸುಬಿನ ಮಾತು. ನೀವು ಸಿಟ್ಟಾಗುತ್ತೀರಿ ಎಂದು ಗೊತ್ತಿದ್ದೇ ಹೇಳುತ್ತೇನೆ. ನಿಮ್ಮ ಹೊಕಾರಿ ಕಂಪನಿಯ ಕ್ಯಾಮೆರಾ ಬಿಡಿ ಅಣ್ಣ. ಒಳಗೆ ಕನ್ನಡಿ ಇರುವ ಕ್ಯಾಮೆರಾದ ಕಾಲ ಮುಗಿಯಿತು. ನಿಮ್ಮ ಹೊಕಾರಿಯವರೇ ಅದನ್ನು ಮಾಡುವುದು ನಿಲ್ಲಿಸುತ್ತಿದ್ದಾರೆ. ನಮ್ಮದರಲ್ಲಿ ಕ್ಯಾಮೆರಾ ತಾನೇ ಕಣ್ಣು ಹುಡುಕುತ್ತದೆ. ಎದುರಿಗೆ ಇಬ್ಬರಿರಲಿ, ಇಡೀ ದಿಬ್ಬಣವೇ ಇರಲಿ, ಕಣ್ಣಿನ ಮೇಲೆ ಹಸಿರು ಚೌಕ ಕೂತುಬಿಡುತ್ತದೆ. ನೀವು ಗುಂಡಿ ಒತ್ತಿದರೆ ಸಾಕು. ಹಳೆಯದನ್ನೆಲ್ಲ ಎಕ್ಸ್‌ಚೇಂಜಿಗೆ ಕೊಡಬಹುದು. ಯೋಚಿಸಿ.

ನಿಮ್ಮ ಹತ್ತಿರ ಕೆಲಸ ಕಲಿತ,
ಮಲ್ಲು

—

ಕೊಳ್ಳೇಗಾಲ
20 ಜನವರಿ 2024

ಮಲ್ಲು,

ಕಾಗದ ಬಂತು. ಪೋಸ್ಟ್‌ಮ್ಯಾನ್ ಕವರನ್ನು ಹಿಂದೆ ಮುಂದೆ ತಿರುಗಿಸಿ, "ಈಗ್ಲೂವೆ ಯಾರ್ ಸಾ ಕಾಗ್ದ ಬರ್ಯೋರು? ಕೋರ್ಟ್ ನೋಟೀಸೇನೋ ಅಂದ್ಕಂಡೆ" ಎಂದ. ನೋಟೀಸೇ ಕಣಪ್ಪ, ಇಪ್ಪತ್ತೆರಡು ವರ್ಷದ ಸಂಸಾರ ಬಿಟ್ಟು ಬೇರೆಯವಳನ್ನು ಕಟ್ಟಿಕೋ ಅಂತ ಬಂದಿರುವ ನೋಟೀಸು ಎಂದೆ.

ನಿನ್ನ ಪಟಕ್ಕೆ ತೇಗದ ಕಟ್ಟು ಹಾಕಿಸಿ ನಾನೇ ಯಳಂದೂರಿಗೆ ಹೋಗಿ ಕೊಟ್ಟುಬಂದೆ. ಶಿವರತ್ನಮ್ಮಕ್ಕ ಸೆರಗಿನಲ್ಲಿ ಗಾಜು ಒರೆಸಿ ಮೊದಲು ಹೇಳಿದ್ದು, "ಇದ್ಯಾಕಪ್ಪ ನನ್ ಮಗ ಇಂಗೆ ಸೊರಗವ್ನೆ?" ಅಂತ. ಮೈತುಂಬಾ ಕೋಟು, ಬಾಯ್ತುಂಬಾ ನಗು, ಅದರಲ್ಲಿ ಸೊರಗಿದ್ದು ಎಲ್ಲಿ ಕಂಡಿತೋ ತಾಯಿಗೆ. ನಿನ್ನ ಅಣ್ಣ ಕುಮಾರಸ್ವಾಮಿ ಒಳಮನೆಯಲ್ಲಿ ನೇತುಹಾಕೋಣ ಎಂದ. ಅಕ್ಕ ಒಪ್ಪಲಿಲ್ಲ. "ಒಳೀಕೆ ಮಡಗಿದ್ರೆ ಯಾರ್ ನೋಡರು? ಜಗಲೀಲಿ ಒಡಿ ಮೊಳೆ" ಎಂದರು. ಮೊಳೆ ನಾನೇ ಹೊಡೆದೆ. ಈಗ ಬೀದಿಯಲ್ಲಿ ಹೋಗುವವರಿಗೆಲ್ಲ ನೀನು ಹಲ್ಲು ಕಿರಿದುಕೊಂಡು ಕಾಣುತ್ತೀಯ.

ಇನ್ನು ನಿನ್ನ ಯಂತ್ರದ ಮಾತು. ನನಗೆ ಕಣ್ಣು ಹುಡುಕುವ ಕ್ಯಾಮೆರಾ ಯಾಕೆ ಹೇಳು? ನನ್ನ ಅರ್ಧ ಕಸುಬು ಕಣ್ಣು ಮುಚ್ಚಿದವರದು. ಕೊಳ್ಳೇಗಾಲ, ಯಳಂದೂರು, ಹನೂರು, ಯಾವ ಕಡೆ ನಮ್ಮ ಜನರಲ್ಲಿ ಯಾರು ಹೋದರೂ, ಮೈ ತೊಳೆದು, ವಿಭೂತಿ ಬಳಿದು, ಹೂವಿನ ನಡುವೆ ಕೂರಿಸುವ ಹೊತ್ತಿಗೆ "ಸ್ಟುಡಿಯೋ ರುದ್ರಸ್ವಾಮಿಗೆ ಏಳ್ ಕಳ್ಸುದ್ರಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮದುವೆಗೆ ಮೈಸೂರಿನಿಂದ ಯಾರನ್ನಾದರೂ ಕರೆಸಲಿ, ಕಡೇ ಪಟಕ್ಕೆ ನಾನೇ ಆಗಬೇಕು. ಮುಚ್ಚಿದ ರೆಪ್ಪೆಯ ಮೇಲೆ ಫೋಕಸ್ ಕೂರುವುದಿಲ್ಲ, ಹಣೆಯ ವಿಭೂತಿ ಗೆರೆ ಹಿಡಿ ಎಂದು ನಿನಗೂ ಕಲಿಸಿದ್ದೆ. ಮೂರೇ ಸಲ ಒತ್ತು, ಅಲ್ಲೇ ಕ್ಯಾಮೆರಾ ತಿರುಗಿಸಿ ನೋಡಬೇಡ, ಹೋದವರ ಎದುರಿಗೆ ಅದು ಮರ್ಯಾದೆಯಲ್ಲ ಎಂದೂ ಹೇಳಿದ್ದೆ. ಮರೆತೆಯೇನೋ.

ಹೊಕಾರಿ ಕಂಪನಿಯ ಹುಡುಗನೂ ಮೊನ್ನೆ ಬಂದಿದ್ದ. ಗೋಡೆ ಗಡಿಯಾರ, ಒಂದು ಚೀಲ ಕೊಟ್ಟು ಕಾಲಿಗೆ ಬಿದ್ದು ಹೋದ. ಹನೂರಿನ ಶಿವನಂಜಯ್ಯ ನಿನ್ನ ಕಡೆ ಹಾರಿದನಂತೆ, ಇವನಿಗೆ ನಿದ್ದೆಯಿಲ್ಲ. ಎಲ್ಲ ಬಿಟ್ಟು ನಮ್ಮಂಥ ಮುದುಕರ ಮೇಲೆ ಯಾಕೆ ಬಿದ್ದಿದ್ದೀರಿ ನೀವು?

ಶಿವರುದ್ರಸ್ವಾಮಿ

—

ಹುಬ್ಬಳ್ಳಿ
3 ಮಾರ್ಚ್ 2024

ಅಣ್ಣ,

ಯಾಕೆ ಬಿದ್ದಿದ್ದೀರಿ ಎಂದು ಕೇಳಿದಿರಿ. ನಿಮಗೆ ಸುಳ್ಳು ಹೇಳಲಾರೆ.

ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಇಲ್ಲ. ಫೋನು ಎಲ್ಲವನ್ನೂ ನುಂಗಿಬಿಟ್ಟಿತು. ಉಳಿದಿರುವುದು ನಾಲ್ಕು ಕಂಪನಿ ಮತ್ತು ನಿಮ್ಮಂಥ ಸ್ಟುಡಿಯೋದವರು. ಹಾಗಾಗಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಿತ್ತುಕೊಳ್ಳಬೇಕು, ಬೇರೆ ದಾರಿಯಿಲ್ಲ. ಒಬ್ಬರ ಲೆನ್ಸ್ ಇನ್ನೊಬ್ಬರ ಕ್ಯಾಮೆರಾಕ್ಕೆ ಕೂರದ ಹಾಗೆ ಮಾಡಿಟ್ಟಿರುವುದೂ ಅದಕ್ಕೇ. ಒಂದು ಸಲ ಈ ಕಡೆ ಬಂದವನು ಲೆನ್ಸೆಲ್ಲ ಇಲ್ಲಿಯದೇ ಕೊಂಡು, ಆ ಕಡೆ ಹೋಗಲಾರದೆ ಉಳಿಯುತ್ತಾನೆ. ನಮ್ಮ ಮೀಟಿಂಗಿನಲ್ಲಿ ಹೊಸ ಗಿರಾಕಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಹೊಕಾರಿಯಿಂದ ಎಷ್ಟು ಜನರನ್ನು ಎಳೆದೆ ಎಂದು ಮಾತ್ರ ಕೇಳುತ್ತಾರೆ.

ಹುಬ್ಬಳ್ಳಿ ಆಫೀಸನ್ನು ಮುಚ್ಚುವ ಮಾತು ನಡೆದಿದೆ. ಏಪ್ರಿಲ್ ಒಳಗೆ ನನ್ನ ಪಟ್ಟಿ ತುಂಬದಿದ್ದರೆ ನನ್ನನ್ನೂ ಅದರ ಜೊತೆ ಮುಚ್ಚುತ್ತಾರೆ. ನಿಮ್ಮ ಒಂದು ಹೆಸರು ಸೇರಿದರೆ ಕೊಳ್ಳೇಗಾಲದ ಸುತ್ತ ಹತ್ತು ಜನ ಹಿಂದೆ ಬರುತ್ತಾರೆ. ಕೇಳಿಕೊಳ್ಳುತ್ತೇನೆ ಅಣ್ಣ. ನಾನೇ ಬಂದು ಎಲ್ಲ ಸೆಟ್ ಮಾಡಿಕೊಡುತ್ತೇನೆ, ನೀವು ಏನೂ ಮುಟ್ಟಬೇಕಾಗಿಲ್ಲ.

ಹಾಗೇ, ಅವ್ವನದು ಒಂದು ಒಳ್ಳೆಯ ಪಟ ತೆಗೆದುಕೊಡಿ. ಇಷ್ಟು ವರ್ಷ ಕ್ಯಾಮೆರಾ ಮಾರಿದೆ, ಅವಳದೊಂದು ಸರಿಯಾದ ಪಟ ನನ್ನ ಹತ್ತಿರ ಇಲ್ಲ. ನನ್ನ ಮದುವೆ ಆಲ್ಬಮಿನಲ್ಲಿ ಪ್ರತಿ ಹಾಳೆಯಲ್ಲೂ ಅವಳು ಯಾರಿಗೋ ಬಡಿಸಲು ತಿರುಗಿರುತ್ತಾಳೆ. ಫೋನು ಎತ್ತಿದರೆ ಸೆರಗು ಎತ್ತುತ್ತಾಳೆ.

ಮಲ್ಲು

—

ಕೊಳ್ಳೇಗಾಲ
2 ಮೇ 2024

ಮಲ್ಲು,

ನೀನು ಬಂದು ಹೋಗಿ ಹತ್ತು ದಿನವಾಯಿತು. ಹೊಕಾರಿಯ ಎರಡು ಕ್ಯಾಮೆರಾ ಬಾಡಿ, ಐದು ಲೆನ್ಸ್ ನೀನು ರಟ್ಟಿನ ಡಬ್ಬಿಗೆ ಹಾಕಿ ಟೇಪ್ ಸುತ್ತುವಾಗ ನಾನು ಟೀ ತರುತ್ತೇನೆಂದು ಹೊರಗೆ ಹೋದೆನಲ್ಲ, ಟೀ ಅಂಗಡಿ ಮುಚ್ಚಿತ್ತು. ಮುಚ್ಚಿರುವುದು ನನಗೆ ಮೊದಲೇ ಗೊತ್ತಿತ್ತು.

ಯಂತ್ರ ಚೆನ್ನಾಗಿದೆ. ಇಲ್ಲ ಎನ್ನುವುದಿಲ್ಲ. ಬಂಡಳ್ಳಿಯ ಮದುವೆಯಲ್ಲಿ ಮದುಮಗಳು ತಲೆ ಎತ್ತುವ ಮೊದಲೇ ಅದು ಕಣ್ಣು ಹಿಡಿದಿತ್ತು. ಮುಖದ ಹಿಂದಿನದೆಲ್ಲ ಬೆಣ್ಣೆ ಕರಗಿದಂತೆ ಕರಗುತ್ತದೆ ಎಂದಿದ್ದೆಯಲ್ಲ, ಹಾಗೇ ಬಂತು. ಶಿವರಂಜನಿ ಕುಣಿದಾಡಿದಳು. ನೋಡುವ ಕಿಂಡಿಯಲ್ಲಿ ಮಾತ್ರ ಒಂದು ಪುಟ್ಟ ಟಿವಿ ನೋಡಿದ ಹಾಗೆ, ನನಗೆ ಇನ್ನೂ ಒಗ್ಗಿಲ್ಲ. ನನ್ನ ಬಲಗಣ್ಣಿಗೆ ಪೊರೆ ಬಂದಿದೆಯಂತೆ, ಆಮೇಲೆ ನೋಡೋಣ. ನೀನು ಹೇಳಿದ ಹಾಗೆ ಸೆಟ್ಟಿಂಗ್ ಒಂದನ್ನೂ ಮುಟ್ಟಿಲ್ಲ. ಹಸಿರು ಚೌಕ ಕಂಡರೆ ಒತ್ತುತ್ತೇನೆ.

ಮೊನ್ನೆ ಯಳಂದೂರಿಗೆ ಹೋಗಿದ್ದೆ, ಅಕ್ಕನ ಪಟ ತೆಗೆಯಲೆಂದೇ. ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಕ್ಯಾಮೆರಾ ತೆಗೆದೆ, ಮೊರ ಅಡ್ಡ ಹಿಡಿದರು. "ಮಲ್ಲು ಕೇಳವ್ನೆ ಕಣಕ್ಕ" ಎಂದೆ. "ಸತ್ ಮ್ಯಾಕೆ ತಗಿ ಕಣಪ್ಪ, ಆಗ ಅಲ್ಲಾಡಕಿಲ್ಲ" ಎಂದು ನಕ್ಕುಬಿಟ್ಟರು. ಆ ನಗುವನ್ನಾದರೂ ತೆಗೆಯೋಣವೆಂದರೆ ಅಷ್ಟರಲ್ಲಿ ಮೊರ ಮತ್ತೆ ಅಡ್ಡ ಬಂತು. ಹಟದ ಹೆಂಗಸು. ದೀಪಾವಳಿಗೆ ನೀನು ಬಂದಾಗ ಇಬ್ಬರನ್ನೂ ಕೂರಿಸಿ ತೆಗೆಯುತ್ತೇನೆ, ನೀನು ಪಕ್ಕದಲ್ಲಿದ್ದರೆ ಒಪ್ಪಿಯಾರು.

ನಿನ್ನ ಕೆಲಸ ಉಳಿಯಿತಲ್ಲ, ಅಷ್ಟು ಸಾಕು.

ಶಿವರುದ್ರಸ್ವಾಮಿ

—

ಹುಬ್ಬಳ್ಳಿ
11 ನವೆಂಬರ್ 2024

ಶಿವರುದ್ರಣ್ಣನವರಿಗೆ,

ಕೆಲಸಕ್ಕೆ ಮರಳಿ ಬಂದು ಹತ್ತು ದಿನವಾಯಿತು. ಮೇ ತಿಂಗಳ ನಿಮ್ಮ ಕಾಗದಕ್ಕೆ ಉತ್ತರ ಬರೆದಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಅಕ್ಟೋಬರ್ ಹದಿನೇಳಕ್ಕೆ ಅವ್ವ ಹೋದಾಗ ನಾನು ಗೋವಾದಲ್ಲಿದ್ದೆ. ಡೀಲರುಗಳ ಸಭೆ. ಹೊಸ ಮಾಡೆಲ್ ಬಿಡುಗಡೆ ಮಾಡುತ್ತಿದ್ದರು, ಹೊಕಾರಿಯವರಿಗಿಂತ ಒಂದು ವಾರ ಮೊದಲೇ ಬಿಡಬೇಕೆಂದು. ಹಾಲ್‌ನಲ್ಲಿ ಫೋನ್ ಸೈಲೆಂಟಿನಲ್ಲಿತ್ತು. ಮಧ್ಯಾಹ್ನ ಊಟಕ್ಕೆ ಎದ್ದಾಗ ಅಣ್ಣನ ಕರೆಗಳು ಒಂದರ ಕೆಳಗೊಂದು ಇದ್ದವು. ಬೆಳಿಗ್ಗೆ ಹಿತ್ತಲಿಗೆ ಹೋದವಳು ಅಲ್ಲೇ ಕೂತಳಂತೆ, ಏಳಲಿಲ್ಲವಂತೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿದರು. ನಾನು ಯಳಂದೂರು ಮುಟ್ಟಿದ್ದು ಮಾರನೆಯ ದಿನ.

ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಯಾರೋ ಕಾಫಿ ಕೊಟ್ಟರು, ಕುಡಿದೆ. ಜಗಲಿಯಲ್ಲಿ ಕೂತಿದ್ದೆ, ಬಂದವರೆಲ್ಲ ಕೈ ಹಿಡಿದು ಹೋದರು. ಗೋಡೆಯ ಮೇಲಿದ್ದ ನನ್ನ ಪಟಕ್ಕೆ ಯಾರೋ ತಿಳಿಯದೆ ಹೂವು ಮುಡಿಸಿದ್ದರು, ಅಣ್ಣ ಬೈದು ತೆಗೆಸಿದ.

ಆವತ್ತು ನೀವು ಬಂದು ಪಟ ತೆಗೆದಿರಿ ಎಂದು ಎಲ್ಲರೂ ಹೇಳಿದರು. ಮಕ್ಕಳು ಮೊಬೈಲ್ ಎತ್ತಿದರೆ ದೊಡ್ಡಬಸಮ್ಮ ದೊಡ್ಡವ್ವ ಗದರಿದಳಂತೆ, "ಆ ಆಳಾದ್ ಮೊಬೈಲ್ ಒಳೀಕ್ ಮಡ್ಗಿ, ಸ್ಟುಡಿಯೋ ಸ್ವಾಮಿ ಬತ್ತಾವ್ರೆ" ಅಂತ. ಹಾಗಾಗಿ ನಿಮ್ಮ ಹತ್ತಿರ ಬಿಟ್ಟರೆ ಇನ್ನೆಲ್ಲೂ ಇಲ್ಲ. ಹನ್ನೊಂದನೆಯ ದಿನದ ಆರಾಧನೆಗೆ ಪಟ ಬರಲಿಲ್ಲ, ನೀವೂ ಬರಲಿಲ್ಲ. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಇಟ್ಟಿದ್ದರು. ಚುಕ್ಕೆ ಚುಕ್ಕೆಯಾಗಿ ಬಂದಿತ್ತು. ಯಾರೋ ಹೆದರಿದ ಹೆಂಗಸಿನ ಹಾಗೆ ಕಾಣುತ್ತಿತ್ತು. ಜನ ಅದಕ್ಕೇ ಕೈ ಮುಗಿದರು.

ನಾನು ಅವ್ವನ ಮುಖ ನೋಡಲಿಲ್ಲ ಅಣ್ಣ. ಆ ಪಟ ಕಳಿಸಿ.

ಮಲ್ಲಿಕಾರ್ಜುನ

—

ಕೊಳ್ಳೇಗಾಲ
28 ನವೆಂಬರ್ 2024

ಮಲ್ಲು,

ಆರಾಧನೆಯ ದಿನ ರಾಮಾಪುರದಲ್ಲಿ ಒಂದು ಗೃಹಪ್ರವೇಶ ಇತ್ತು, ಮೊದಲೇ ಒಪ್ಪಿಕೊಂಡಿದ್ದೆ. ಅದಕ್ಕೇ ಬರಲಾಗಲಿಲ್ಲ.

ಅಕ್ಕನ ಪಟ ಇದ್ದ ಮೆಮೊರಿ ಕಾರ್ಡ್ ಕೆಟ್ಟಿದೆ. ಮೈಸೂರಿನಲ್ಲಿ ಒಬ್ಬರಿಗೆ ಕೊಟ್ಟಿದ್ದೇನೆ, ತೆಗೆದುಕೊಡುತ್ತೇನೆ ಎಂದಿದ್ದಾರೆ. ಬಂದರೆ ಕಳಿಸುತ್ತೇನೆ.

ಇಲ್ಲಿ ಮಳೆ ನಿಂತಿದೆ. ರಾಗಿ ಕೊಯ್ಲು ನಡೆದಿದೆ. ಶಿವರಂಜನಿಗೆ ಒಂದು ಗಂಡು ನೋಡಿ ಹೋದರು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಶಿವರುದ್ರಸ್ವಾಮಿ

—

ಹುಬ್ಬಳ್ಳಿ
20 ಡಿಸೆಂಬರ್ 2024

ಶಿವರುದ್ರಸ್ವಾಮಿಯವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನೀವು ಯಾರಿಗೆ ಏನು ಹೇಳುತ್ತಿದ್ದೀರಿ ಎಂಬುದನ್ನೇ ಮರೆತಿದ್ದೀರಿ. ಆ ಕ್ಯಾಮೆರಾ ಮಾರಿದವನು ನಾನು. ಅದರಲ್ಲಿ ಎರಡು ಕಾರ್ಡ್ ಇರುತ್ತವೆ. ಒಂದು ಕೆಟ್ಟರೆ ಇನ್ನೊಂದರಲ್ಲಿ ಇರಲಿ ಎಂದು ಒಂದೊಂದು ಪಟವನ್ನೂ ಎರಡರಲ್ಲೂ ಬರೆಯುವ ಹಾಗೆ ನನ್ನ ಕೈಯಾರೆ ಸೆಟ್ ಮಾಡಿಕೊಟ್ಟಿದ್ದೆ. ಎರಡೂ ಒಟ್ಟಿಗೆ ಕೆಟ್ಟವೇ?

ಮೈಸೂರಿನ ಡೀಲರ್ ಇನ್ನೊಂದು ಸಂಗತಿ ಹೇಳಿದರು. ನವೆಂಬರ್ ಮೊದಲ ವಾರವೇ ನೀವು ವೆರಾನನ್ನು ಮಾರಿಬಿಟ್ಟು ಹೊಕಾರಿಗೆ ವಾಪಸು ಹೋದಿರಂತೆ. ಕಂಪನಿಯವರು ನನ್ನ ಪಟ್ಟಿಯಿಂದ ನಿಮ್ಮ ಹೆಸರನ್ನು ಹೊಡೆದುಹಾಕಿದರು. ಹೊಡೆಯಲಿ. ನಿಮ್ಮ ಹಿಂದೆಯೇ ಬಂದಿದ್ದ ಸುತ್ತಲಿನ ಊರಿನವರೂ ಈಗ ಅನುಮಾನದಿಂದ ಕೇಳುತ್ತಿದ್ದಾರೆ. ಕೇಳಲಿ. ಹಳೆಯ ಕ್ಯಾಮೆರಾವನ್ನು ನನ್ನ ಹೊಟ್ಟೆಪಾಡಿಗಾಗಿ ಬಿಡಿಸಿದೆ ಎಂದು ನಿಮಗೆ ನನ್ನ ಮೇಲೆ ಸಿಟ್ಟಿದೆ, ಅದು ನ್ಯಾಯವೇ. ಬೈಯಿರಿ, ನಾಲ್ಕು ಜನರ ಮುಂದೆ ಬೈಯಿರಿ. ಆದರೆ ಆ ಸಿಟ್ಟನ್ನು ಅವ್ವನ ಪಟದ ಮೇಲೆ ತೀರಿಸಬೇಡಿ.

ಅವಳು ನಿಮಗೆ ಏನು ಮಾಡಿದ್ದಳು? ಹೋದಾಗಲೆಲ್ಲ ಕಾಫಿ ಕೊಟ್ಟಳು.

ಮಲ್ಲಿಕಾರ್ಜುನಸ್ವಾಮಿ

—

ಹುಬ್ಬಳ್ಳಿ
9 ಫೆಬ್ರವರಿ 2025

ಅಣ್ಣ,

ಉತ್ತರ ಬರಲಿಲ್ಲ. ಹೋದ ಕಾಗದದಲ್ಲಿ ಬರೆದಿದ್ದನ್ನು ಮರೆತುಬಿಡಿ.

ಅವ್ವನ ಮುಖ ನೆನಪು ಮಾಡಿಕೊಳ್ಳಲು ಕೂತರೆ ಆಧಾರ್ ಕಾರ್ಡಿನ ಮುಖವೇ ಬರುತ್ತದೆ. ಮೊದಲು ಹಾಗೆ ಬರುತ್ತಿರಲಿಲ್ಲ. ನನಗೆ ಭಯವಾಗುತ್ತಿದೆ.

ಮಲ್ಲು

—

ಕೊಳ್ಳೇಗಾಲ
18 ಮಾರ್ಚ್ 2025

ಮಲ್ಲು,

ಕಾರ್ಡ್ ಕೆಟ್ಟಿಲ್ಲ. ರಾಮಾಪುರದಲ್ಲಿ ಗೃಹಪ್ರವೇಶವೂ ಇರಲಿಲ್ಲ. ಆ ದಿನ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಪಟ ಸರಿಯಾಗಿ ಬಂದಿಲ್ಲ. ಅಕ್ಕನ ಮುಖ ಬಂದಿಲ್ಲ.

ಹೇಗಾಯಿತೆಂದು ಹೇಳುತ್ತೇನೆ. ಕುಮಾರಸ್ವಾಮಿ ಹೇಳಿಕಳಿಸಿದಾಗ ಒಂದು ಗಂಟೆ. ನಾನು ಮುಟ್ಟುವ ಹೊತ್ತಿಗೆ ಜಗಲಿಯಲ್ಲಿ ಗೋಡೆಯಿಂದ ಒಂದು ಗಜ ಜಾಗ ಬಿಟ್ಟು, ಒರಗುಮಣೆಗೆ ಒರಗಿಸಿ ಕೂರಿಸಿದ್ದರು, ಹಿಂದಿನಿಂದ ಒಬ್ಬರು ಬಗ್ಗಿ ಹಿಡಿದುಕೊಳ್ಳಲು ಜಾಗ ಬೇಕಲ್ಲ. ಹಣೆಯ ಮೇಲೆ ಮೂರು ಗೆರೆ, ಮಲ್ಲಿಗೆ, ಹಸಿರು ಸೀರೆ. ಅಳುವವರೆಲ್ಲ ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿದರು. "ಮೊದ್ಲು ಒಂಟಿ ಪಟ ತಗೀರಿ ಸಾ, ಹೊತ್ತಾಯ್ತದೆ" ಎಂದು ಯಾರೋ ಅಂದರು.

ನೂರಾರು ಜನರಿಗೆ ಈ ಕೆಲಸ ಮಾಡಿದ್ದೇನೆ ಮಲ್ಲು. ಆವತ್ತು ಮಾತ್ರ, ಮೊರ ಅಡ್ಡ ಹಿಡಿದ ಹೆಂಗಸು ಈಗ ಹಿಡಿಯುವುದಿಲ್ಲವಲ್ಲ ಎಂಬುದೊಂದೇ ತಲೆಯಲ್ಲಿತ್ತು. ಕಿಂಡಿಯಲ್ಲಿ ನೋಡಿದೆ. ಹಸಿರು ಚೌಕ ಕಂಡಿತು. ಎಲ್ಲಿ ಕಂಡಿತು ಎಂದು ನೋಡಲಿಲ್ಲ. ಹಣೆಯ ಗೆರೆ ಹಿಡಿಯಬೇಕು ಎಂಬುದು ಮರೆತೇಹೋಯಿತು. ಊರಿಗೆಲ್ಲ ಪಾಠ ಹೇಳಿದವನು ನಾನು. ಮೂರು ಸಲ ಒತ್ತಿ ಕ್ಯಾಮೆರಾ ಇಳಿಸಿದೆ. ನನ್ನ ಪದ್ಧತಿಯಂತೆ ತಿರುಗಿಸಿ ನೋಡಲಿಲ್ಲ. ಮನೆಯವರನ್ನೆಲ್ಲ ನಿಲ್ಲಿಸಿ ಇನ್ನೊಂದು ತೆಗೆಯುವುದರೊಳಗೆ ಹೊತ್ತು ಇಳಿಯಿತೆಂದು ಎತ್ತಿಬಿಟ್ಟರು.

ಮಾರನೆಯ ದಿನ ಕಂಪ್ಯೂಟರಿನಲ್ಲಿ ಹಾಕಿದೆ. ಫೋಕಸ್ ಹಿಂದಿನ ಗೋಡೆ ಹಿಡಿದಿದೆ, ಅಕ್ಕ ಕರಗಿಹೋಗಿದ್ದಾರೆ. ಮೂರರಲ್ಲೂ ಹಾಗೇ. ಶಿವರಂಜನಿ ಯಾವ ಯಾವುದೋ ಸಾಫ್ಟ್‌ವೇರ್ ಹಾಕಿ ಸರಿಮಾಡಲು ನೋಡಿದಳು. ಬೇರೆ ಯಾರದೋ ಮುಖ ಮಾಡಿಟ್ಟಿತು ಅದು. ಅಳಿಸು ಎಂದೆ.

ನಿನಗೆ ಯಾವ ಮುಖದಲ್ಲಿ ಹೇಳಲಿ? ಕ್ಯಾಮೆರಾ ನೀನು ಕೊಟ್ಟಿದ್ದು, ಸೆಟ್ಟಿಂಗ್ ನೀನು ಮಾಡಿದ್ದು. ಹೇಳಿದರೆ ನೀನು ಅದನ್ನೇ ಹಿಡಿದು ಕೊರಗುತ್ತೀಯ. ತಪ್ಪು ನನ್ನದು. ಯಂತ್ರವನ್ನು ಯಾರಾದರೂ ಮಾರಲಿ, ನೋಡುವವನು ನಾನಲ್ಲವೇ? ಆ ಕ್ಯಾಮೆರಾ ಎದುರಿಗಿದ್ದರೆ ಊಟ ಸೇರುತ್ತಿರಲಿಲ್ಲ, ಅದಕ್ಕೇ ಕೊಟ್ಟುಬಿಟ್ಟೆ. ಹೊಕಾರಿಯವರೇನೂ ನನಗೆ ಆಸೆ ತೋರಿಸಲಿಲ್ಲ. ಅವರ ಹಳೆಯದೊಂದು ಬಾಡಿ ಸಿಕ್ಕಿತು, ಮದುವೆ ನಾಮಕರಣ ಮಾಡಿಕೊಂಡಿದ್ದೇನೆ. ಕಡೇ ಪಟಕ್ಕೆ ಈಗ ಯಾರು ಕರೆದರೂ ಹೋಗುವುದಿಲ್ಲ. ಮೈ ಸರಿಯಿಲ್ಲ ಎನ್ನುತ್ತೇನೆ.

ಆ ಪಟ ಕೇಳಬೇಡ. ಅದರಲ್ಲಿ ಏನೂ ಇಲ್ಲ.

ಶಿವರುದ್ರಸ್ವಾಮಿ

—

ಹುಬ್ಬಳ್ಳಿ
27 ಮಾರ್ಚ್ 2025

ಅಣ್ಣ,

ಕಾಗದ ಓದಿ ಮಡಚಿ ಜೇಬಿನಲ್ಲಿಟ್ಟೆ. ಆಮೇಲೆ ಒಂದು ಸ್ಟುಡಿಯೋದವರಿಗೆ ಕ್ಯಾಮೆರಾ ತೋರಿಸುವ ಡೆಮೊಗೆ ಹೋದೆ. ಡೆಮೊ ಚೆನ್ನಾಗಿಯೇ ಮಾಡಿದೆ. ನನಗೆ ಏನಾಗಿದೆಯೋ ಗೊತ್ತಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ. ಡಿಸೆಂಬರಿನಲ್ಲಿ ನಾನು ಬರೆದ ಕಾಗದವನ್ನು ಹರಿದುಹಾಕಿ.

ಆದರೆ ಒಂದು ಮಾತು ಹೊಂದುತ್ತಿಲ್ಲ. ಇದು ನಾನು ದಿನಕ್ಕೆ ಹತ್ತು ಸಲ ಹೇಳುವ ಪಾಠ, ಅದಕ್ಕೇ ಕೇಳುತ್ತೇನೆ. ಕಣ್ಣು ಹುಡುಕುವ ಸೆಟ್ಟಿಂಗ್ ಬರೀ ಗೋಡೆಯ ಮೇಲೆ ಹಸಿರು ಚೌಕ ತೋರಿಸುವುದಿಲ್ಲ. ತೆರೆದ ಕಣ್ಣು ಎಲ್ಲಾದರೂ ಇದ್ದರೆ ಮಾತ್ರ ತೋರಿಸುತ್ತದೆ. ಅಳುವವರು ತಲೆ ತಗ್ಗಿಸಿದ್ದರು, ಪಕ್ಕಕ್ಕೆ ಸರಿದಿದ್ದರು ಎಂದಿರಿ. ಮತ್ತೆ ಅವ್ವನ ಹಿಂದೆ ಯಾರು ನಿಂತಿದ್ದರು? ಯಾರ ಕಣ್ಣು ಹಿಡಿಯಿತು ಅದು?

ಅವ್ವ ಕಾಣದಿದ್ದರೂ ಸರಿ, ಪಟ ಕಳಿಸಿ. ಸೀರೆಯಾದರೂ ಕಂಡೀತು.

ಮಲ್ಲು

—

ಕೊಳ್ಳೇಗಾಲ
6 ಏಪ್ರಿಲ್ 2025

ಮಲ್ಲು,

ನಿನಗೆ ಕಸುಬು ಕಲಿಸಿದ್ದು ನಾನೇ, ಈಗ ಅದು ನನ್ನನ್ನೇ ಹಿಡಿಯಿತು.

ಹಿಂದೆ ಯಾರೂ ನಿಂತಿರಲಿಲ್ಲ, ಹಿಡಿದುಕೊಂಡಿದ್ದವನೂ ಒರಗುಮಣೆಯ ಮರೆಯಲ್ಲಿ ಬಗ್ಗಿದ್ದ. ನೀನಿದ್ದೆ. ಜಗಲಿಯ ಗೋಡೆಯ ಮೇಲೆ, ನಾನೇ ಹೊಡೆದ ಮೊಳೆಗೆ ನೇತುಹಾಕಿದ ನಿನ್ನ ಪಟ. ಕ್ಯಾಮೆರಾ ನಿನ್ನ ಕಣ್ಣು ಹಿಡಿಯಿತು. ಮೂರು ಸಲವೂ ನಿನ್ನ ಕಣ್ಣನ್ನೇ ಹಿಡಿಯಿತು. ಪಟದೊಳಗಿನ ಪಟದಲ್ಲಿ ನಿನ್ನ ಮೀಸೆಯ ಕೂದಲು ಎಣಿಸಬಹುದು. ನಿನ್ನ ಕೈಯಲ್ಲಿರುವ ಸರ್ಟಿಫಿಕೇಟಿನ ಅಕ್ಷರ ಓದಬಹುದು, ಅತಿ ಹೆಚ್ಚು ಜನರನ್ನು ನಮ್ಮ ಕಡೆಗೆ ಕರೆತಂದವರು ಅಂತ. ಇದನ್ನು ನಿನಗೆ ಹೇಗೆ ಕಳಿಸಲಿ ಎಂದು ಐದು ತಿಂಗಳು ಕೂತಿದ್ದೆ. ಗೋಡೆ ಎಂದು ಸುಳ್ಳು ಹೇಳಿದ್ದೂ ಅದಕ್ಕೇ.

ಇನ್ನೊಂದು ಮಾತಿದೆ. ಅದನ್ನೂ ಹೇಳಿಬಿಡುತ್ತೇನೆ, ಇನ್ನು ನನ್ನ ಹತ್ತಿರ ಬಚ್ಚಿಟ್ಟಿದ್ದು ಏನೂ ಉಳಿಯದಿರಲಿ. ಜಗಲಿಯಲ್ಲಿ ಅಷ್ಟು ಜಾಗವಿರುವಾಗ ಅಲ್ಲೇ ಯಾಕೆ ಕೂರಿಸಿದಿರಿ ಎಂದು ಮೊನ್ನೆ ಯಳಂದೂರಿಗೆ ಹೋಗಿ ನಿನ್ನ ದೊಡ್ಡವ್ವನನ್ನು ಕೇಳಿದೆ. ಅಕ್ಕನೇ ಮೊದಲಿನಿಂದ ಹೇಳುತ್ತಿದ್ದರಂತೆ. "ನನ್ ಕೂರ್ಸುವಾಗ ಮಲ್ಲು ಪಟದ ಕೆಳ್ಗೇ ಕೂರ್ಸಿ. ಅವ್ನು ಬಂದ್ರೆ ಬಂದ, ಬರ್ದಿದ್ರೆ ಒಂದೇ ಪಟದಲ್ಲಿ ಇಬ್ರೂ ಬತ್ತೀವಲ್ಲ" ಅಂತ. ದೊಡ್ಡಬಸಮ್ಮ ಇದನ್ನು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಅಲ್ಲಿಂದ ಎದ್ದು ಬಂದೆ.

ಪಟ ಇದರ ಜೊತೆ ಇದೆ. ರಟ್ಟು ಇಟ್ಟಿದ್ದೇನೆ, ಮಡಚುವುದಿಲ್ಲ. ನೋಡುವುದಾದರೆ ಯಾರಾದರೂ ಹತ್ತಿರ ಇದ್ದಾಗ ನೋಡು.

ಶಿವರುದ್ರಸ್ವಾಮಿ

—

ಹುಬ್ಬಳ್ಳಿ
4 ಮೇ 2025

ಅಣ್ಣ,

ಪಟ ತಲುಪಿತು. ತಲುಪಿ ಮೂರು ವಾರವಾಯಿತು. ಒಬ್ಬನೇ ಇದ್ದಾಗಲೇ ನೋಡಿದೆ.

ಹಸಿರು ಕಾಣುತ್ತದೆ. ಬಿಳಿ ಹೂವು ಕಾಣುತ್ತದೆ. ಹಣೆ ಇರುವ ಕಡೆ ಮೂರು ಗೆರೆ ಸೇರಿ ಒಂದೇ ಬಿಳುಪಾಗಿದೆ, ಅಲ್ಲಿ ಹಣೆ ಇದೆ ಎಂದು ಅದರಿಂದಲೇ ಗೊತ್ತಾಗುತ್ತದೆ. ತಲೆ ಸ್ವಲ್ಪ ಬಲಕ್ಕೆ ವಾಲಿದೆ. ಹುಣಸೆಹಣ್ಣು ಬಿಡಿಸುವಾಗ ಅವಳು ಹಾಗೇ ವಾಲುತ್ತಿದ್ದಳು. ಆಧಾರ್ ಕಾರ್ಡಿನಲ್ಲಿ ಅದಿಲ್ಲ. ನೀವು ಏನೂ ಇಲ್ಲ ಎಂದಿದ್ದಿರಿ, ಅದು ಇದೆ.

ಕಳೆದ ವಾರ ಗದಗಿನಿಂದ ಒಬ್ಬ ಸ್ಟುಡಿಯೋದವರು ಬಂದಿದ್ದರು, ಹೊಕಾರಿ ಬಿಡಬೇಕೆಂದು. ಹಸಿರು ಚೌಕ ತೋರಿಸಿದೆ, ಖುಷಿಪಟ್ಟರು. ನೀವು ಕಡೇ ಪಟ ತೆಗೆಯುತ್ತೀರಾ ಎಂದು ಕೇಳಿದೆ. ಹೌದು ಎಂದರು. ಆಗ ಇದನ್ನು ಆಫ್ ಮಾಡಿ, ಹಣೆಯ ವಿಭೂತಿ ಗೆರೆ ಹಿಡಿಯಿರಿ, ಅಲ್ಲೇ ತಿರುಗಿಸಿ ನೋಡಿ, ಮರ್ಯಾದೆಗೆ ಕುಂದೇನೂ ಬರುವುದಿಲ್ಲ ಎಂದೆ. ನಿಮ್ಮ ಒಂದು ಪಾಠ ಇಟ್ಟುಕೊಂಡೆ, ಒಂದು ಬಿಟ್ಟೆ. ಅವರು ಇನ್ನೊಂದು ಸಲ ಯೋಚಿಸುತ್ತೇನೆಂದು ಎದ್ದು ಹೋದರು. ಮ್ಯಾನೇಜರ್ ನನ್ನನ್ನು ಒಂದು ಥರಾ ನೋಡಿದರು.

ಈ ಪಟವನ್ನು ದೊಡ್ಡದು ಮಾಡಿಸಿ, ತೇಗದ ಕಟ್ಟು ಹಾಕಿಸಿ. ನೀವೇ ಯಳಂದೂರಿಗೆ ತೆಗೆದುಕೊಂಡು ಹೋಗಿ ಜಗಲಿಯಿಂದ ನನ್ನದನ್ನು ಇಳಿಸಿ, ನೀವು ಹೊಡೆದ ಅದೇ ಮೊಳೆಗೆ ಇದನ್ನು ಹಾಕಿ. ಫೋಕಸ್ ಇಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಇದೆ ಎನ್ನಿ, ಎಲ್ಲಿದೆ ಎಂದೂ ತೋರಿಸಿ. ಮತ್ತೆ ಯಾರಾದರೂ ಕಡೇ ಪಟಕ್ಕೆ ಹೇಳಿಕಳಿಸಿದರೆ ಮೈ ಸರಿಯಿಲ್ಲ ಎನ್ನಬೇಡಿ, ಹೋಗಿ.

ಅವ್ವ ಕೇಳಿದ್ದು ಅವಳಿಗೆ ಸಿಕ್ಕಿದೆ, ಒಂದೇ ಪಟದಲ್ಲಿ ಇಬ್ಬರೂ ಇದ್ದೇವೆ. ಅವಳು ಮುಂದೆ ಕೂತಿದ್ದಾಳೆ. ನಾನು ಅವಳ ತಲೆಯ ಮೇಲಿಂದ ಕ್ಯಾಮೆರಾ ನೋಡಿಕೊಂಡು ನಗುತ್ತಿದ್ದೇನೆ.

ಮಲ್ಲು